ಮನೆಯಿಂದ ಕೆಲಸವೋ, ಆಫೀಸೋ? ಮೂರು ತಲೆಮಾರುಗಳ ಪ್ರಶ್ನೆಗಳಿಗೆ ಉತ್ತರ

ಬೆಂಗಳೂರಿನ ಐಟಿ ಕೆಲಸವನ್ನು ನಂಬಿಕೊಂಡ ಮನೆಗಳಲ್ಲಿ ಅಪ್ಪ-ಅಮ್ಮ, ಮಗ-ಸೊಸೆ, ಟೀಮ್ ನಡೆಸುವ ಮ್ಯಾನೇಜರು, ಈಗಷ್ಟೇ ಸೇರಿದ ಫ್ರೆಶರು ಪದೇ ಪದೇ ಕೇಳುವ ಪ್ರಶ್ನೆಗಳು ಇಲ್ಲಿವೆ. ವಯಸ್ಸಿನ ಮೇಲೆ ಹೊರಿಸುವ ಎಷ್ಟೋ ಭಿನ್ನಾಭಿಪ್ರಾಯ ಹುಟ್ಟುವುದು ಬೇರೆ ಕಡೆ: ಮನೆಯಲ್ಲಿ ಎಷ್ಟು ಜಾಗವಿದೆ, ಆಫೀಸು ಎಷ್ಟು ದೂರ, ಕೆಲಸವನ್ನು ಯಾರಿಂದ ಹೇಗೆ ಕಲಿತದ್ದು. ಮುಂದಿನ ಉತ್ತರಗಳೆಲ್ಲ ಈ ಮೂರರ ಸುತ್ತಲೇ ಇವೆ.

ಮಗ ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತಿದ್ದರೂ ಅಪ್ಪನಿಗೆ ಅದು ಕೆಲಸ ಅನ್ನಿಸುವುದಿಲ್ಲ. ಏಕೆ?

ಇಂದು 65 ದಾಟಿದ ಬೆಂಗಳೂರಿನವರಲ್ಲಿ ಬಹಳ ಮಂದಿ ಕೆಲಸ ಕಂಡದ್ದು ಕಾರ್ಖಾನೆಯ ಗೇಟಿನಲ್ಲಿ. ಎಚ್‌ಎಎಲ್ 1940ರಲ್ಲಿ, ಟೆಲಿಫೋನ್ ತಯಾರಿಸುವ ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಶುರುವಾದವು. ಅಲ್ಲಿ ಸೈರನ್ ಕೂಗಿದರೆ ಫಸ್ಟ್ ಶಿಫ್ಟ್, ಇನ್ನೊಮ್ಮೆ ಕೂಗಿದರೆ ಮನೆ. ಫ್ಯಾಕ್ಟರಿ ಬಸ್ಸು, ಕ್ಯಾಂಟೀನ್ ಊಟ, ಹಾಜರಿ, ಸಮವಸ್ತ್ರ ಎಲ್ಲವೂ ಸೇರಿ 'ಡ್ಯೂಟಿ' ಎಂಬ ಪದಕ್ಕೆ ಅರ್ಥ ಬಂತು. ಸರ್ಕಾರಿ ಕಚೇರಿ, ಬ್ಯಾಂಕು, ಶಾಲೆಗಳಲ್ಲೂ ಇದೇ. ಮನೆ ಬಿಟ್ಟು ಹೊರಟರೆ ಡ್ಯೂಟಿ, ಮನೆಯಲ್ಲಿದ್ದರೆ ರಜೆ. ಆ ತಲೆಮಾರಿಗೆ ಮನೆಯಲ್ಲಿ ಹಗಲು ಹೊತ್ತು ಕಾಣಿಸಿಕೊಂಡ ಗಂಡಸು ಎಂದರೆ ಹುಷಾರಿಲ್ಲದವನು, ಇಲ್ಲವೇ ಲೇಆಫ್ ಆದವನು. ಪಕ್ಕದ ಮನೆಯವರು "ಕೆಲಸ ಹೋಯ್ತಾ?" ಎಂದು ಮೆಲ್ಲಗೆ ಕೇಳಿದಾಗ ಅಪ್ಪನಿಗೆ ಆಗುವ ಕಸಿವಿಸಿ ನಿಜವಾದದ್ದು, ಅದನ್ನು ಹಳೇ ಕಾಲದ ಯೋಚನೆ ಎಂದು ತಳ್ಳಿಹಾಕಬೇಡಿ.

ಇಲ್ಲಿ ವಾದಕ್ಕಿಂತ ಕಾಗದ ಕೆಲಸ ಮಾಡುತ್ತದೆ. ಪೇಸ್ಲಿಪ್, ಫಾರಂ 16, ಇಪಿಎಫ್ ಪಾಸ್‌ಬುಕ್‌ನಲ್ಲಿ ಪ್ರತಿ ತಿಂಗಳು ಕಂಪನಿ ಕಟ್ಟಿದ ಮೊತ್ತ, ಈ ಮೂರನ್ನು ಒಮ್ಮೆ ಕೂತು ತೋರಿಸಿ. ಪಿಎಫ್ ಎಂದರೇನು ಎಂದು ಆ ತಲೆಮಾರಿಗೆ ನಾವು ಹೇಳಿಕೊಡಬೇಕಿಲ್ಲ. ಪಿಎಫ್ ಕಟ್ಟುವ ಕೆಲಸವನ್ನು ಅವರು ಕೆಲಸವೆಂದೇ ಗುರುತಿಸುತ್ತಾರೆ. ಜೊತೆಗೆ ಬೆಳಿಗ್ಗೆ ಸ್ನಾನ ಮಾಡಿ, ಬಟ್ಟೆ ಬದಲಿಸಿ, ನಿಗದಿತ ಹೊತ್ತಿಗೆ ಕೂತು ನಿಗದಿತ ಹೊತ್ತಿಗೆ ಏಳುವುದು ರೂಢಿಯಾದರೆ ಅರ್ಧ ಮಾತು ತಾನಾಗಿಯೇ ನಿಲ್ಲುತ್ತದೆ.

45–55ರ ಮ್ಯಾನೇಜರುಗಳು ಆಫೀಸಿಗೆ ಬನ್ನಿ ಎಂದು ಪಟ್ಟು ಹಿಡಿಯುವುದು ಹಳೇ ಚಾಳಿಯಿಂದಲೇ?

ಚಾಳಿಗಿಂತ ಅವರು ಕಲಿತ ಬಗೆಯೇ ಹೆಚ್ಚು ಕಾರಣ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಹೊರದೇಶಕ್ಕೆ ಡೇಟಾ ಕಳಿಸಲು ಉಪಗ್ರಹ ಸಂಪರ್ಕವನ್ನೇ ಹಾಕಿಕೊಳ್ಳಬೇಕಾಯಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ವ್ಯವಸ್ಥೆ ಬಂದ ಮೇಲೆ ಉಳಿದ ಕಂಪನಿಗಳಿಗೂ ಅಂಥ ಸಂಪರ್ಕ ಸಿಗತೊಡಗಿತು. ಆಗ ಕಂಪ್ಯೂಟರು ಇದ್ದದ್ದು ಆಫೀಸಿನಲ್ಲಿ, ಸಂಪರ್ಕ ಇದ್ದದ್ದು ಆಫೀಸಿನಲ್ಲಿ, ಗೊತ್ತಿದ್ದವರು ಕೂತಿದ್ದದ್ದೂ ಆಫೀಸಿನಲ್ಲಿ. ಹಿರಿಯನ ಕುರ್ಚಿಯ ಹಿಂದೆ ನಿಂತು ಅವನ ಬೆರಳು ಎಲ್ಲಿ ಹೋಗುತ್ತದೆ ಎಂದು ನೋಡಿಯೇ ಡೀಬಗ್ ಮಾಡಲು, ಅಂದರೆ ಪ್ರೋಗ್ರಾಮಿನ ತಪ್ಪು ಹುಡುಕಿ ಸರಿಪಡಿಸಲು, ಕಲಿತವರು ಇವರು. ತಾವು ಕಲಿತ ದಾರಿಯೇ ಕಲಿಕೆಯ ಒಂದೇ ದಾರಿ ಅನ್ನಿಸುವುದು ಸಹಜ.

ಆದರೆ ಈ ವಯಸ್ಸಿನವರೆಲ್ಲ ಆಫೀಸಿನ ಪರ ಎಂದುಕೊಂಡರೆ ತಪ್ಪು. ಡಯಾಲಿಸಿಸ್‌ಗೆ ಹೋಗುವ ತಂದೆ, ಮರೆವಿನ ಕಾಯಿಲೆಯ ತಾಯಿ, ಪಿಯುಸಿ ಓದುವ ಮಗಳು ಮನೆಯಲ್ಲಿರುವ 50ರ ಟೀಮ್ ಲೀಡ್‌ಗೆ ಮನೆಯಿಂದ ಕೆಲಸದ ಅಗತ್ಯ 25ರ ಹುಡುಗನಿಗಿಂತ ಹೆಚ್ಚು. ಹಾಗೆಂದು ಮೇಲಿನವರ ಮುಂದೆ ಬಾಯಿಬಿಟ್ಟು ಕೇಳಲು ಹಿಂಜರಿಯುತ್ತಾರೆ. ಅದಕ್ಕೇ ಆಫೀಸಿನ ಚರ್ಚೆಗಳಲ್ಲಿ ಅವರ ದನಿ ಕೇಳಿಸುವುದು ಕಡಿಮೆ.

ಹೊಸಬರಿಗೆಲ್ಲ ಮನೆಯೇ ಬೇಕಂತೆ, ನಿಜವೇ?

ಬಿಟಿಎಂ ಅಥವಾ ಮಾರತಹಳ್ಳಿಯ ಪಿಜಿಯಲ್ಲಿ ಮೂವರು ಹಂಚಿಕೊಂಡ ಕೋಣೆ ನೆನೆಸಿಕೊಳ್ಳಿ. ಮೂರು ಮಂಚ, ಒಂದು ಫ್ಯಾನು, ಮೇಜಿಲ್ಲ. ಒಬ್ಬನಿಗೆ ಅಮೆರಿಕದ ಶಿಫ್ಟು, ಅವನು ಹಗಲು ಮಲಗಬೇಕು. ಇನ್ನೊಬ್ಬನಿಗೆ ಬೆಳಿಗ್ಗೆ 9:30ಕ್ಕೆ ಕಾಲ್. ವೈಫೈ ಇಡೀ ಮಹಡಿಗೆ ಒಂದು. ಇಂಥಲ್ಲಿ ಇರುವ ಫ್ರೆಶರಿಗೆ ಎಸಿ, ಎರಡು ಮಾನಿಟರು, ಒಳ್ಳೆಯ ಕುರ್ಚಿ, ಕ್ಯಾಂಟೀನು ಇರುವ ಆಫೀಸು ವರವೇ ಸರಿ. ಮನೆಯೇ ಬೇಕು ಎನ್ನುವವರಲ್ಲಿ ಹೆಚ್ಚಿನವರು ಎರಡು ಬಗೆ: ಸ್ವಂತ ಕೋಣೆ ಇರುವವರು, ಇಲ್ಲವೇ ಊರಿಗೆ ಹೋಗಿ ಬಾಡಿಗೆ ಉಳಿಸಬಲ್ಲವರು.

2020–22ರಲ್ಲಿ ಸೇರಿದವರ ವಿಷಯ ಬೇರೆ. ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಬಂತು, ಇಂಡಕ್ಷನ್ ಪರದೆಯ ಮೇಲೆ ಆಯಿತು, ಟೀಮಿನವರ ಮುಖ ಕಂಡದ್ದು ಎಷ್ಟೋ ತಿಂಗಳ ಮೇಲೆ. ಅವರಿಗೆ ಆಫೀಸು ಎಂದರೆ 'ವಾಪಸ್ ಹೋಗುವ' ಜಾಗವಲ್ಲ, ನಡುವೆ ಬಂದ ಹೊಸ ಷರತ್ತು. "ಮರಳಿ ಬನ್ನಿ" ಎಂಬ ಇಮೇಲ್ ಅವರಿಗೆ ನಾಟದಿರಲು ಇದೂ ಕಾರಣ.

ಯಾವುದರಲ್ಲಿ ಕೆಲಸ ಹೆಚ್ಚು ಸಾಗುತ್ತದೆ? ಅಧ್ಯಯನಗಳು ಏನು ಹೇಳುತ್ತವೆ?

ಎರಡೂ ಕಡೆಯವರು ತಮಗೆ ಬೇಕಾದ ಒಂದು ಅಂಕಿ ಹಿಡಿದು ಬರುತ್ತಾರೆ, ಆದ್ದರಿಂದ ಹಿನ್ನೆಲೆಯನ್ನೂ ತಿಳಿದಿರುವುದು ಒಳ್ಳೆಯದು.

ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಕಂಪನಿಯ ಕಾಲ್ ಸೆಂಟರಿನಲ್ಲಿ ಮಾಡಿದ ಪ್ರಯೋಗದಲ್ಲಿ ಮನೆಯಿಂದ ಕೆಲಸ ಮಾಡಿದವರ ಸಾಧನೆ 13% ಏರಿತು. ಇದನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಸಂಗತಿ: ಆ ಪ್ರಯೋಗಕ್ಕೆ ಸೇರಲು ಕನಿಷ್ಠ 6 ತಿಂಗಳ ಅನುಭವ, ಮನೆಯಲ್ಲಿ ಬ್ರಾಡ್‌ಬ್ಯಾಂಡ್, ಕೆಲಸಕ್ಕೆಂದೇ ಬೇರೆ ಜಾಗ ಇರಬೇಕಿತ್ತು. ಪಿಜಿಯ ಮಂಚದ ಮೇಲೆ ಕೂತವನಿಗೆ ಆ 13% ಅನ್ವಯಿಸುವುದಿಲ್ಲ. ಮನೆಯಲ್ಲೇ ಇದ್ದವರಲ್ಲಿ ಬಹಳ ಮಂದಿ ಒಂಟಿತನ ಹೇಳಿಕೊಂಡರು. ಆಯ್ಕೆ ಕೊಟ್ಟಾಗ ಸುಮಾರು ಅರ್ಧ ಜನ ಆಫೀಸಿಗೆ ಮರಳಿದರು.

ನಮಗೆ ಹತ್ತಿರದ್ದು ಚೆನ್ನೈನ ಡೇಟಾ ಎಂಟ್ರಿ ಕೆಲಸಗಾರರ ಮೇಲಿನ ಪ್ರಯೋಗ. ಡೇವಿಡ್ ಆಟ್ಕಿನ್, ಆಂಟನೆಟ್ ಶೋರ್, ಸುಮಿತ್ ಶಿಂದೆ ಅವರ ಈ ಅಧ್ಯಯನದಲ್ಲಿ ಮನೆಯಿಂದ ಮಾಡಿದವರ ಕೆಲಸ ಆಫೀಸಿನವರಿಗಿಂತ 18% ಕಡಿಮೆ ಬಂತು, ಅದರ ಮೂರನೇ ಎರಡು ಪಾಲು ಮೊದಲ ದಿನವೇ ಕಂಡಿತು. ಮನೆಯೇ ಬೇಕು ಎಂದವರಲ್ಲೇ ಇಳಿಕೆ ಹೆಚ್ಚು. ಮನೆಯ ಜವಾಬ್ದಾರಿ ಹೆಗಲ ಮೇಲಿದ್ದವರು ಮನೆ ಕೇಳಿದರು, ಆ ಜವಾಬ್ದಾರಿಯೇ ಕೆಲಸವನ್ನೂ ಎಳೆಯಿತು ಎಂದು ಓದಿಕೊಳ್ಳಬಹುದು.

2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ, ಅದೇ ಕಂಪನಿಯ (ಈಗಿನ ಹೆಸರು ಟ್ರಿಪ್.ಕಾಮ್) 1,612 ಮಂದಿಯ ಅಧ್ಯಯನದಲ್ಲಿ ವಾರಕ್ಕೆ 2 ದಿನ ಮನೆ ಕೊಟ್ಟಾಗ ಸಾಧನೆಯಲ್ಲೂ ಬಡ್ತಿಯಲ್ಲೂ ವ್ಯತ್ಯಾಸವಾಗಲಿಲ್ಲ, ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು. ಮ್ಯಾನೇಜರುಗಳು ಮೊದಲು ಕೆಲಸ 2.6% ಇಳಿಯುತ್ತದೆ ಎಂದು ಅಂದಾಜಿಸಿದ್ದವರು, ಮುಗಿದ ಮೇಲೆ 1% ಏರುತ್ತದೆ ಎಂದರು. ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು ಎಂಬುದೇ ಇದರಲ್ಲಿ ಮುಖ್ಯ.

ಎಂಜಿನಿಯರುಗಳ ಬಗ್ಗೆ ಇನ್ನೊಂದು ಅಮೆರಿಕನ್ ಅಧ್ಯಯನವಿದೆ. ಟೀಮಿನ ಪಕ್ಕದಲ್ಲೇ ಕೂತ ಕಿರಿಯರಿಗೆ ತಮ್ಮ ಕೋಡ್ ಮೇಲೆ ಹೆಚ್ಚು ಸಲಹೆ ಸಿಗುತ್ತದೆ, ಕಲಿಸುವ ಹಿರಿಯರ ಸ್ವಂತ ಕೆಲಸ ಆ ಹೊತ್ತಿಗೆ ಕುಗ್ಗುತ್ತದೆ. ಅಂದರೆ ಆಫೀಸು ಹಿರಿಯರ ಸಮಯವನ್ನು ಕಿರಿಯರಿಗೆ ದಾಟಿಸುವ ಜಾಗ. ತಲೆಮಾರುಗಳ ಜಗಳದ ತಿರುಳು ಇಲ್ಲಿದೆ: ಕಿರಿಯನಿಗೆ ಲಾಭವಾಗುವ ದಿನ ಹಿರಿಯನಿಗೆ ನಷ್ಟದ ದಿನ, ಆ ನಷ್ಟವನ್ನು ಅಪ್ರೈಸಲ್‌ನಲ್ಲಿ ಯಾರೂ ಲೆಕ್ಕ ಹಿಡಿಯುವುದಿಲ್ಲ.

ಕಂಪನಿಗಳು ಇಷ್ಟು ಸಲ ನಿಯಮ ಬದಲಿಸಿದ್ದೇಕೆ?

2020ರ ಮಾರ್ಚ್‌ಗೆ ಮುಂಚೆ ಬಿಪಿಒಗಳಿಗೆ (ಕಾಲ್ ಸೆಂಟರಿನಂಥ ಹೊರಗುತ್ತಿಗೆ ಕಂಪನಿಗಳಿಗೆ) ದೂರಸಂಪರ್ಕ ಇಲಾಖೆಯ ಕಟ್ಟುಪಾಡುಗಳೇ ಮನೆಯಿಂದ ಕೆಲಸಕ್ಕೆ ಅಡ್ಡವಾಗಿದ್ದವು. ಲಾಕ್‌ಡೌನ್ ಹೊತ್ತಿಗೆ ಸಡಿಲಿಸಿ, ನವೆಂಬರಿನಲ್ಲಿ ಬಹುಪಾಲು ತೆಗೆದರು. ಟಿಸಿಎಸ್ ಆ ವರ್ಷವೇ '25ಕ್ಕೆ 25' ಗುರಿ ಹೇಳಿತು, 2025ರ ಹೊತ್ತಿಗೆ ಆಫೀಸಿಗೆ ಬರಬೇಕಾದವರು 25% ಮಾತ್ರ ಎಂದು. 2021ರ ಆಗಸ್ಟ್‌ನಲ್ಲಿ ಸಿಲ್ಕ್ ಬೋರ್ಡ್–ಕೆ.ಆರ್. ಪುರ ಮೆಟ್ರೊ ಕಾಮಗಾರಿಯ ಕಾರಣಕ್ಕೆ ರಾಜ್ಯ ಸರ್ಕಾರವೇ ಹೊರವರ್ತುಲ ರಸ್ತೆಯ ಕಂಪನಿಗಳಿಗೆ 2022ರ ಡಿಸೆಂಬರ್‌ವರೆಗೆ ಮನೆಯಿಂದ ಕೆಲಸ ಮುಂದುವರಿಸಲು ಸಲಹೆ ಕೊಟ್ಟಿತು. 2022ರ ಜುಲೈನಲ್ಲಿ ವಿಶೇಷ ಆರ್ಥಿಕ ವಲಯಗಳ ನಿಯಮ 43ಎ ಬಂದು, ಅಲ್ಲಿನ ಘಟಕಗಳ 50% ಸಿಬ್ಬಂದಿಗೆ ಒಂದು ವರ್ಷದವರೆಗೆ ಮನೆಯಿಂದ ಕೆಲಸಕ್ಕೆ ಅವಕಾಶ ಕೊಟ್ಟಿತು. ಡಿಸೆಂಬರಿನಲ್ಲಿ ಅದನ್ನು ಎಲ್ಲ ಸಿಬ್ಬಂದಿಗೂ ವಿಸ್ತರಿಸಿದರು.

2023ರಲ್ಲಿ ಗಾಳಿ ತಿರುಗಿತು. ಅಕ್ಟೋಬರಿನಿಂದ ಟಿಸಿಎಸ್ ವಾರಕ್ಕೆ 5 ದಿನ, ನವೆಂಬರಿನಿಂದ ವಿಪ್ರೊ ವಾರಕ್ಕೆ 3 ದಿನ, ಇನ್ಫೊಸಿಸ್ ಕೆಳಹಂತದವರಿಗೆ ತಿಂಗಳಿಗೆ 10 ದಿನ ಎಂದವು. 2024ರಲ್ಲಿ ಟಿಸಿಎಸ್ ವೇರಿಯಬಲ್ ಪೇಯನ್ನು (ಸಂಬಳದಲ್ಲಿ ಏರಿಳಿಯುವ ಪಾಲನ್ನು) ಹಾಜರಾತಿಗೆ ಕಟ್ಟಿತು: 85% ಮೀರಿದರೆ ಪೂರ್ತಿ, 60%ಗಿಂತ ಕೆಳಗಿದ್ದರೆ ಏನೂ ಇಲ್ಲ. ನಾಲ್ಕು ವರ್ಷದಲ್ಲಿ ಇಷ್ಟು ತಿರುವು ಕಂಡ ಕಿರಿಯರು ಕಂಪನಿಯ ಮಾತನ್ನು ಶಾಶ್ವತ ಎಂದು ನಂಬದಿದ್ದರೆ ಅದಕ್ಕೆ ತಕ್ಕ ಕಾರಣವಿದೆ.

ಪ್ರಯಾಣದ ಲೆಕ್ಕ ಹೇಗೆ ಹಾಕಬೇಕು?

ಮ್ಯಾಪ್ ತೋರಿಸುವ ನಿಮಿಷ ನಂಬಬೇಡಿ. ಎರಡು ವಾರ, ಮನೆಯ ಬಾಗಿಲಿಗೆ ಬೀಗ ಹಾಕಿದ ಹೊತ್ತು ಮತ್ತು ಆಫೀಸಿನ ಸೀಟಿನಲ್ಲಿ ಕೂತ ಹೊತ್ತು ಬರೆದಿಡಿ. ಲಿಫ್ಟಿನ ಸಾಲು, ಕ್ಯಾಬ್ ಕಾಯುವುದು, ಮೆಟ್ರೊ ನಿಲ್ದಾಣದಿಂದ ಕೊನೆಯ ಎರಡು ಕಿಲೋಮೀಟರ್ ಎಲ್ಲ ಅದರಲ್ಲಿ ಸೇರಲಿ. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ದಾಟಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಿತ್ತು, ಜಗತ್ತಿನಲ್ಲೇ ಎರಡನೇ ನಿಧಾನದ ನಗರ. ಅದು ಸರಾಸರಿ; ಮಳೆಗಾಲದ ಸಂಜೆ 6ರ ಮಾತಲ್ಲ.

ಒಂದು ಕಡೆಗೆ ಒಂದೂವರೆ ಗಂಟೆ ಎಂದುಕೊಳ್ಳಿ. ತಿಂಗಳಿಗೆ 22 ದಿನ ಹೋದರೆ 66 ಗಂಟೆ, 12 ದಿನ ಹೋದರೆ 36. ನಡುವಿನ 30 ಗಂಟೆ ಎಂದರೆ ಮೂರಕ್ಕೂ ಹೆಚ್ಚು ಕೆಲಸದ ದಿನ. ಮೇಲಿನವರ ಜೊತೆ ಮಾತಾಡುವಾಗ "ಟ್ರಾಫಿಕ್ ಜಾಸ್ತಿ ಸಾರ್" ಎನ್ನುವುದಕ್ಕಿಂತ ಈ ಅಂಕಿ ಬಲವಾದದ್ದು. ಹಾಗೆಯೇ ಹಳೇ ಲೆಕ್ಕಕ್ಕೆ ಜೋತುಬೀಳುವುದೂ ಬೇಡ: 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾಯಿತು, 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ ತೆರೆಯಿತು. ಕೆಂಗೇರಿ, ಜಯನಗರ ಕಡೆಯವರ ದಿನ ಇದರಿಂದ ಬದಲಾಗಿದೆ.

ಕಾಲ್ ನಡುವೆ ಅಮ್ಮ "ಗ್ಯಾಸ್ ಬಂತು ನೋಡೋ" ಎಂದು ಕರೆಯುತ್ತಾರೆ. ಏನು ಮಾಡುವುದು?

ಅಮ್ಮನಿಗೆ ಕಾಣುವುದು ಪರದೆ ಮುಂದೆ ಸುಮ್ಮನೆ ಕೂತ ಮಗ. ಮಾತಾಡುತ್ತಿದ್ದರೆ ಕಾಲ್, ಮಾತಿಲ್ಲದಿದ್ದರೆ ಬಿಡುವು ಎಂದೇ ಅವರ ಎಣಿಕೆ. ಯೋಚಿಸುತ್ತಿರುವುದು ಹೊರಗೆ ಕಾಣುವುದಿಲ್ಲ.

ಮೊದಲು ಜಾಗ. ಹಾಲ್‌ನಲ್ಲಿ ಕೂತರೆ ಯಾವ ಒಪ್ಪಂದವೂ ನಿಲ್ಲದು. ಬೇರೆ ಕೋಣೆ ಇಲ್ಲದಿದ್ದರೆ ಬಾಲ್ಕನಿಯ ಮೂಲೆ, ಕಪಾಟಿನ ಹಿಂದೆ, ಎಲ್ಲಾದರೂ ಸರಿ, ಬೆನ್ನು ಗೋಡೆಗೆ ಬರಲಿ, ಆಗ ಕ್ಯಾಮೆರಾದಲ್ಲಿ ಮನೆಯವರು ಓಡಾಡುವುದು ಕಾಣುವುದಿಲ್ಲ. ಆಮೇಲೆ ಗುರುತು: ಬಾಗಿಲು ಮುಚ್ಚಿದ್ದರೆ ಬೆಂಕಿ ಬಿದ್ದರೆ ಮಾತ್ರ ಕರೆಯಿರಿ, ಓರೆಯಾಗಿದ್ದರೆ ಮೆಲ್ಲಗೆ ಬನ್ನಿ, ತೆರೆದಿದ್ದರೆ ಬಿಡುವು. ಬಾಗಿಲಿಲ್ಲದ ಕಡೆ ಕುರ್ಚಿಗೆ ಕೆಂಪು ಟವೆಲ್ ಹಾಕಿದರೂ ನಡೆದೀತು. ದಿನದ ಕಾಲ್‌ಗಳ ಹೊತ್ತನ್ನು ಬೆಳಿಗ್ಗೆಯೇ ಫ್ರಿಜ್ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿ. ಕುಕ್ಕರ್ ವಿಷಲ್, ಪೂಜೆಯ ಗಂಟೆ, ಮಿಕ್ಸಿ ಇವುಗಳ ಹೊತ್ತು ಅವರಿಂದ ಕೇಳಿ, ದೊಡ್ಡ ಕಾಲ್‌ಗಳನ್ನು ಸಾಧ್ಯವಾದಷ್ಟು ಅದಕ್ಕೆ ಹೊಂದಿಸಿ. ಬದಲಿಗೆ ದಿನಕ್ಕೆ ಎರಡು ಹೊತ್ತು, ಊಟದ 30 ನಿಮಿಷ ಮತ್ತು ಸಂಜೆ ಕಾಫಿಯ 15 ನಿಮಿಷ, ಲ್ಯಾಪ್‌ಟಾಪ್ ಮುಚ್ಚಿ ಅವರ ಜೊತೆ ಕೂರಿ. ಈ ಭಾಗ ತಪ್ಪಿಸಿದರೆ ಉಳಿದದ್ದು ವಾರದೊಳಗೆ ಕುಸಿಯುತ್ತದೆ, ಏಕೆಂದರೆ ಕರೆಯುವುದಕ್ಕೆ ಗ್ಯಾಸ್ ನೆಪ ಮಾತ್ರ. ಮಗ ಮನೆಯಲ್ಲಿದ್ದೂ ಮಾತಿಗೆ ಸಿಗುತ್ತಿಲ್ಲ ಎಂಬುದೇ ಅವರ ನೋವು.

ಸೊಸೆ ಮನೆಯಿಂದ ಕೆಲಸ ಮಾಡಿದರೆ ಅಡುಗೆಯೂ ಅವಳದೇ ಆಗುತ್ತದೆ. ಇದನ್ನು ಹೇಗೆ ಮಾತಾಡುವುದು?

ನೇರವಾಗಿ, ಗಂಡನ ಬಾಯಿಂದ. "ಹೇಗೂ ಮನೇಲೇ ಇರ್ತಾಳಲ್ಲ" ಎಂಬ ಒಂದು ವಾಕ್ಯದಿಂದ ಬೆಳಗಿನ ತಿಂಡಿ, ಹಾಲಿನವನು, ಮಗುವಿನ ಬಸ್ಸು, ಮಧ್ಯಾಹ್ನ ಬರುವ ನೆಂಟರು ಎಲ್ಲ ಅವಳ ಕ್ಯಾಲೆಂಡರಿಗೆ ಬಂದು ಬೀಳುತ್ತವೆ. ಆಗ ಕೆಲಸ ರಾತ್ರಿ 10ರ ಮೇಲಕ್ಕೆ ಸರಿಯುತ್ತದೆ. ಎಷ್ಟೋ ಹೆಂಗಸರು ಆಫೀಸೇ ವಾಸಿ ಎನ್ನುವುದು ಇದಕ್ಕೇ, ಅದನ್ನು ಮನೆಯ ಮೇಲಿನ ಪ್ರೀತಿ ಕಡಿಮೆ ಎಂದು ಓದಬಾರದು.

ಸುಲಭ ದಾರಿ: ಅವಳು ಆಫೀಸಿಗೆ ಹೋಗುವ ದಿನ ಮನೆ ಹೇಗೆ ನಡೆಯುತ್ತದೆ ಎಂದು ಬರೆಯಿರಿ. ಅಡುಗೆಯವರು ಬರುತ್ತಾರೆಯೇ, ಮಗುವನ್ನು ಯಾರು ಕರೆತರುತ್ತಾರೆ, ಮಧ್ಯಾಹ್ನ ಊಟ ಯಾರು ಬಡಿಸುತ್ತಾರೆ. ಮನೆಯಿಂದ ಕೆಲಸ ಮಾಡುವ ದಿನವೂ ಅದೇ ಪಟ್ಟಿ ಜಾರಿಯಲ್ಲಿರಲಿ. ಅಡುಗೆಯವರನ್ನು ಬಿಡಿಸಿ ಹಣ ಉಳಿಸುವ ಯೋಚನೆ ಬಂದರೆ ಆ ಕೆಲಸ ಯಾರ ಹೆಗಲಿಗೆ ಹೋಗುತ್ತದೆ ಎಂದು ಮೊದಲು ಕೇಳಿಕೊಳ್ಳಿ.

ಹೆರಿಗೆಯ ಮೇಲೆ ಒಂದು ಕಾನೂನಿನ ನೆರವಿದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ (ಮೊದಲ ಎರಡು ಮಕ್ಕಳಿಗೆ) ಆಯಿತು. ಅದು ಮುಗಿದ ಮೇಲೆ ಕೆಲಸದ ಸ್ವರೂಪ ಒಪ್ಪಿದರೆ, ಇಬ್ಬರೂ ಒಪ್ಪಿದ ಷರತ್ತಿನಲ್ಲಿ ಮನೆಯಿಂದ ಕೆಲಸ ಮಾಡಬಹುದು. 'ಒಪ್ಪಿದರೆ' ಎಂಬ ಮಾತಿರುವುದರಿಂದ ರಜೆಗೆ ಹೋಗುವ ಮೊದಲೇ ಇಮೇಲ್‌ನಲ್ಲಿ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. 50 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಕೊಡಬೇಕು, ತಾಯಿಗೆ ದಿನಕ್ಕೆ 4 ಬಾರಿ ಹೋಗಿಬರಲು ಬಿಡಬೇಕು.

ಸಾಗರ, ಶಿರಸಿ, ತೀರ್ಥಹಳ್ಳಿ ಕಡೆಯ ಊರಿಂದ ಕೆಲಸ ಮಾಡಬೇಕೆಂದರೆ ಏನೇನು ಬೇಕು?

ಕರೆಂಟಿನಿಂದ ಶುರು ಮಾಡಿ. ಮನೆ ಊರೊಳಗಿದ್ದರೆ ನಿರಂತರ ಜ್ಯೋತಿ ಫೀಡರ್ (ಮನೆಗಳಿಗೆಂದೇ ಇರುವ ಬೇರೆ ಲೈನು) ಇರುತ್ತದೆ. ತೋಟದ ಮನೆಯಾದರೆ ಪಂಪ್‌ಸೆಟ್ ಲೈನಿನಲ್ಲೇ ಇರಬಹುದು, ಅಲ್ಲಿ ಪಾಳಿಯ ಮೇಲೆ ಕರೆಂಟು. ಯಾವ ಲೈನು ಎಂದು ಮೆಸ್ಕಾಂ ಅಥವಾ ಹೆಸ್ಕಾಂ ಲೈನ್‌ಮ್ಯಾನ್‌ನನ್ನೇ ಕೇಳಿ.

ಇನ್ವರ್ಟರ್: 12 ವೋಲ್ಟ್, 150 ಎಎಚ್ ಬ್ಯಾಟರಿ ಎಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಪೂರ್ತಿ ಬರಿದು ಮಾಡಿದರೆ ಬ್ಯಾಟರಿ ಬೇಗ ಸಾಯುತ್ತದೆ, ಇನ್ವರ್ಟರಿನಲ್ಲೂ ಸ್ವಲ್ಪ ಸೋರುತ್ತದೆ. ಕೈಗೆ ಸಿಗುವುದು 1,000 ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ 60, ಹಳೇ ಫ್ಯಾನು 75, ರೂಟರ್ ಮತ್ತು ಫೈಬರ್ ಪೆಟ್ಟಿಗೆ 15, ಬಲ್ಬು 9. ಸುಮಾರು 160 ವ್ಯಾಟ್, ಅಂದರೆ 6 ಗಂಟೆ. ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಫ್ಯಾನು ಹಾಕಿದರೆ 30 ವ್ಯಾಟ್‌ನಲ್ಲಿ ಮುಗಿಯುತ್ತದೆ, ಸುಮಾರು ಎರಡೂವರೆ ಗಂಟೆ ಹೆಚ್ಚು ಸಿಗುತ್ತದೆ. ಅದೇ ಸಾಲಿನಲ್ಲಿ ಅಮ್ಮ ಮಿಕ್ಸಿ ಹಾಕಿದರೆ ಲೆಕ್ಕವೆಲ್ಲ ತಪ್ಪುತ್ತದೆ, ಅಡುಗೆಮನೆಯ ಪಾಯಿಂಟನ್ನು ಇನ್ವರ್ಟರ್ ಲೈನಿನಿಂದ ಬೇರ್ಪಡಿಸಿ.

ಕರೆಂಟು ಹೋಗಿ ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲಿ ರೂಟರ್ ರೀಸ್ಟಾರ್ಟ್ ಆಗಿ, ವಿಪಿಎನ್ (ಕಂಪನಿಯ ನೆಟ್‌ವರ್ಕಿಗೆ ಇರುವ ಭದ್ರ ಸಂಪರ್ಕ) ಕಡಿದು, ಎರಡು-ಮೂರು ನಿಮಿಷ ಕಾಲ್‌ನಿಂದ ಹೊರಬೀಳುತ್ತೀರಿ. ಇದಕ್ಕೆ ಸಣ್ಣ 12 ವೋಲ್ಟ್ ರೂಟರ್ ಯುಪಿಎಸ್ ಸಾಕು. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪ್ ನೋಡಿ. 2 ಆಂಪ್ ಬೇಡುವುದಕ್ಕೆ 1 ಆಂಪಿನದು ಕೊಟ್ಟರೆ ಪದೇ ಪದೇ ಆರಿ ಹತ್ತುತ್ತದೆ. ಫೈಬರ್ ಪೆಟ್ಟಿಗೆ ಮತ್ತು ವೈಫೈ ರೂಟರ್ ಬೇರೆ ಬೇರೆಯಾಗಿದ್ದರೆ ಎರಡಕ್ಕೂ ಬೇಕು, ಒಂದಕ್ಕೆ ಹಾಕಿ ಸುಮ್ಮನಾಗುವ ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ.

ನಿಮ್ಮ ಮನೆಯಲ್ಲಿ ಎಲ್ಲ ಸರಿ ಇದ್ದರೂ ಪೇಟೆಯ ಎಕ್ಸ್‌ಚೇಂಜಿನ ಬ್ಯಾಟರಿ ಮುಗಿದರೆ ನೆಟ್ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಫೈಬರ್ ತುಂಡಾದರೆ ಜೋಡಿಸುವವರು ಬರಲು ದಿನಗಳೇ ಹಿಡಿಯಬಹುದು. ಆದ್ದರಿಂದ ಬೇರೆ ಕಂಪನಿಯ ಸಿಮ್ ಇಟ್ಟುಕೊಂಡು, ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಎಂದು ಮೊದಲೇ ಹುಡುಕಿಡಿ. ಪರೀಕ್ಷಿಸುವಾಗ ಡೌನ್‌ಲೋಡ್ ಅಲ್ಲ, ಅಪ್‌ಲೋಡ್ ನೋಡಿ. ವಿಡಿಯೊ ಕಾಲ್‌ಗೆ 3–4 ಎಂಬಿಪಿಎಸ್ ಸ್ಥಿರವಾಗಿ ಬಂದರೆ ಸಾಕು. ಏಪ್ರಿಲ್-ಮೇ ತಿಂಗಳ ಗುಡುಗಿನ ಹೊತ್ತು ಅಡಾಪ್ಟರುಗಳನ್ನು ಕಿತ್ತಿಡಿ. ಫೈಬರ್ ಗಾಜಾದ್ದರಿಂದ ಸಿಡಿಲಿಗೆ ಹೆದರಬೇಕಿಲ್ಲ ಎನ್ನುವವರಿದ್ದಾರೆ, ಆದರೆ ಕಂಬದಿಂದ ಬರುವ ಕೇಬಲಿನಲ್ಲಿ ಆಧಾರಕ್ಕೆ ಉಕ್ಕಿನ ತಂತಿ ಇರುತ್ತದೆ, ಕರೆಂಟಿನ ಲೈನಂತೂ ಇದ್ದೇ ಇದೆ.

ಕೊನೆಯದಾಗಿ ಕೂರುವ ಜಾಗ. ಮೇಜು 72–75 ಸೆಂ.ಮೀ. ಎತ್ತರ, ಪಾದ ನೆಲಕ್ಕೆ ಮುಟ್ಟಬೇಕು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ. ಲ್ಯಾಪ್‌ಟಾಪ್ ಕೆಳಗೆ ದಪ್ಪ ಪುಸ್ತಕ ಇಟ್ಟು ಬೇರೆ ಕೀಬೋರ್ಡ್ ಬಳಸಿ. ಮಂಚದ ಮೇಲೆ ಕೂತು ಮಾಡಿದ ಕೆಲಸ ಮೂರೇ ತಿಂಗಳಲ್ಲಿ ಕುತ್ತಿಗೆಗೆ ಬರುತ್ತದೆ.

ಫ್ರೆಶರು ಮೊದಲ ಆರು ತಿಂಗಳು ಏನು ಮಾಡಬೇಕು?

ಆಯ್ಕೆ ಇದ್ದರೂ ಆಫೀಸಿಗೆ ಹೋಗಿ, ಅದೂ ನಿಮಗೆ ಕಲಿಸುವವರು ಬರುವ ದಿನ. ಲೀಡ್ ಮಂಗಳವಾರ-ಗುರುವಾರ ಬರುತ್ತಾರೆ, ನೀವು ಸೋಮವಾರ-ಶುಕ್ರವಾರ ಹೋಗುತ್ತೀರಿ ಎಂದರೆ ಪ್ರಯಾಣ ಮಾತ್ರ ದಂಡ. ಮನೆಯಿಂದ ಮಾಡುವ ದಿನ ಸಿಕ್ಕಿಬಿದ್ದರೆ 30 ನಿಮಿಷ ಸ್ವತಃ ಪ್ರಯತ್ನಿಸಿ, ಆಮೇಲೆ ಕೇಳಿಬಿಡಿ. ಕೇಳುವಾಗ ಮೂರು ಸಾಲು: ಏನು ಮಾಡಲು ಹೊರಟಿದ್ದೆ, ಏನು ಪ್ರಯತ್ನಿಸಿದೆ, ಯಾವ ದೋಷ ಬಂತು. "ಹಾಯ್" ಎಂದಷ್ಟೇ ಕಳಿಸಿ ಉತ್ತರಕ್ಕೆ ಕಾಯುವುದು ಹಿರಿಯರಿಗೆ ಅತಿ ಕಿರಿಕಿರಿಯ ಸಂಗತಿ, ಅವರು ನೋಡುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ.

ಟೀಮ್ ನಡೆಸುವವರು ಆಫೀಸಿನ ದಿನಗಳನ್ನು ಹೇಗೆ ಇಡಬೇಕು?

ಎಲ್ಲರನ್ನೂ ಕರೆಸಿ, ಎಲ್ಲರೂ ಹೆಡ್‌ಫೋನ್ ಹಾಕಿ ಪುಣೆ-ಹೈದರಾಬಾದ್ ಜೊತೆ ಕಾಲ್‌ನಲ್ಲಿ ಕೂತರೆ ಜನರಿಗೆ ಸಿಟ್ಟು ಬರುವುದು ನ್ಯಾಯವೇ. ಟೀಮ್ ಸೇರುವ ದಿನ ಎರಡಾದರೆ ಆ ಎರಡೂ ಎಲ್ಲರಿಗೂ ಒಂದೇ ಇರಲಿ. ಅಂದು ವಿನ್ಯಾಸದ ಚರ್ಚೆ, ಕೋಡ್ ರಿವ್ಯೂ, ಹೊಸಬರ ಜೊತೆ ಪಕ್ಕದಲ್ಲಿ ಕೂರುವುದು; ಹೊರಗಿನ ಕಾಲ್‌ಗಳನ್ನು ಮನೆಯ ದಿನಕ್ಕೆ ತಳ್ಳಿ. ಹಿರಿಯರು ಕಲಿಸಿದ ಗಂಟೆಗಳನ್ನು ಅವರ ಗುರಿಪಟ್ಟಿಯಲ್ಲೇ ಬರೆಯಿರಿ. ಹಾಗೆ ಮಾಡದಿದ್ದರೆ ಅವರು ಆಫೀಸಿಗೆ ಬಂದೂ ಕಾನ್ಫರೆನ್ಸ್ ರೂಮಿನಲ್ಲಿ ಅಡಗಿ ತಮ್ಮ ಕೆಲಸ ಮುಗಿಸಿಕೊಳ್ಳುತ್ತಾರೆ.

ಸ್ವೈಪ್ ಎಣಿಕೆಯ ಮೇಲೆ ಮಾತ್ರ ನಿಂತರೆ ಸಿಗುವುದು ಸ್ವೈಪ್ ಮಾತ್ರ: ಜನ ಬಂದು ಕಾರ್ಡ್ ತೋರಿಸಿ, ಕಾಫಿ ಕುಡಿದು, ಊಟಕ್ಕೆ ಮುಂಚೆ ಹೊರಡುತ್ತಾರೆ.

ಮನೆಯಿಂದ ಕೆಲಸ ಮಾಡುವುದು ನನ್ನ ಹಕ್ಕೇ?

ಅಲ್ಲ. ಹೆರಿಗೆಯ ಮೇಲಿನ ಆ ಅವಕಾಶ ಬಿಟ್ಟರೆ ಖಾಸಗಿ ಕಂಪನಿಯ ಸಾಮಾನ್ಯ ನೌಕರನಿಗೆ ಅಂಥ ಹಕ್ಕು ಇಲ್ಲ. ಆಫರ್ ಲೆಟರಿನಲ್ಲಿ ಬರೆದದ್ದೇ ಆಧಾರ. ಆದರೆ ಮನೆಯಲ್ಲಿ ಕೂತ ಮಾತ್ರಕ್ಕೆ ಇರುವ ಹಕ್ಕು ಹೋಗುವುದಿಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹೇಳುತ್ತದೆ. ಕೆಲಸದ ಜಾಗದಲ್ಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ವ್ಯಾಖ್ಯೆಯಲ್ಲಿ ವಾಸದ ಮನೆಯೂ ಸೇರಿದೆ. ವಿಡಿಯೊ ಕಾಲ್‌ನಲ್ಲಿ, ಚಾಟ್‌ನಲ್ಲಿ ನಡೆದದ್ದಕ್ಕೂ ಆಂತರಿಕ ಸಮಿತಿಗೆ ದೂರು ಕೊಡಬಹುದು; ಸಾಮಾನ್ಯವಾಗಿ 3 ತಿಂಗಳೊಳಗೆ, ಪರದೆಯ ಚಿತ್ರ ತೆಗೆದಿಟ್ಟುಕೊಂಡು.

ಮನೆಯಲ್ಲೇ ಇರುವಾಗ ಇನ್ನೊಂದು ಕೆಲಸ ಹಿಡಿಯಬಹುದೇ?

ನೇಮಕಾತಿ ಪತ್ರದಲ್ಲಿ ಬೇಡ ಎಂದಿದ್ದರೆ ಬೇಡ. 2022ರಲ್ಲಿ ವಿಪ್ರೊ 300 ಮಂದಿಯನ್ನು ಇದೇ ಕಾರಣಕ್ಕೆ ತೆಗೆಯಿತು. ಎರಡು ಕಡೆಯಿಂದ ಪಿಎಫ್ ಜಮೆಯಾದರೆ ಒಂದೇ ಯುಎಎನ್‌ನಲ್ಲಿ (ನೌಕರನ ಪಿಎಫ್ ಗುರುತಿನ ಸಂಖ್ಯೆಯಲ್ಲಿ) ಅದು ಕಾಣುತ್ತದೆ. ಶನಿವಾರ ಪಾಠ ಹೇಳುವುದು, ಬರೆಯುವುದು ಇಂಥವಕ್ಕೆ ಮುಂಚಿತವಾಗಿ ಬರಹದ ಅನುಮತಿ ಕೇಳಿ.

ಗಂಡು ನೋಡುವಾಗ "ವರ್ಕ್ ಫ್ರಮ್ ಹೋಮ್" ಎಂದರೆ ಹಿರಿಯರು ಹಿಂದೆ ಸರಿಯುತ್ತಾರೆ. ಏನು ಕೇಳಿ ತಿಳಿಯಬೇಕು?

ಅನುಮಾನಪಡುವ ಬದಲು ಮೂರು ವಿಷಯ ಕೇಳಿ. ಆಫರ್ ಲೆಟರಿನಲ್ಲಿ ಕೆಲಸದ ಊರು ಎಂದು ಏನಿದೆ? ಕಂಪನಿಯ ಪೂರ್ಣಕಾಲಿಕ ನೌಕರನೋ, ಗುತ್ತಿಗೆಯೋ? ಕರೆದರೆ ಎಷ್ಟು ದಿನದಲ್ಲಿ ಬೆಂಗಳೂರಿಗೆ ಹೋಗಬೇಕು? ಮದುವೆಯ ಮೇಲೆ ಎಲ್ಲಿ ಸಂಸಾರ ಎಂಬ ಹುಡುಗಿಯ ಪ್ರಶ್ನೆಗೂ ಉತ್ತರ ಇದರಲ್ಲೇ ಸಿಗುತ್ತದೆ.

ಊರಿಗೆ ಬಂದು ನೆಲೆಸಿದ ಮೇಲೆ ಕಂಪನಿ ವಾಪಸ್ ಕರೆದರೆ?

ಕರೆಯುತ್ತದೆ ಎಂದೇ ಮೊದಲ ದಿನದಿಂದ ಸಿದ್ಧವಾಗಿರಿ. ಬೆಂಗಳೂರಿನ ಒಂದು ಮನೆಯ ಅಡ್ವಾನ್ಸು, ಮೂರು ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಖರ್ಚು ಇಷ್ಟನ್ನು ಬೇರೆ ಖಾತೆಯಲ್ಲಿ ತೆಗೆದಿಡಿ, ಮುಟ್ಟಬೇಡಿ. ಕರೆ ಬಂದಾಗ ಬಾಯಿಮಾತಿಗೆ ಹೂಂ ಅನ್ನದೆ ಇಮೇಲ್‌ನಲ್ಲಿ ನಾಲ್ಕು ವಿಷಯ ಬರೆಯಿರಿ: ಕಳೆದ ಆರು ತಿಂಗಳಲ್ಲಿ ಸಮಯಕ್ಕೆ ಮುಗಿಸಿದ ಕೆಲಸಗಳ ಪಟ್ಟಿ, ಬರಲಾಗದ ನಿರ್ದಿಷ್ಟ ಕಾರಣ, ತಿಂಗಳಿಗೆ ಎಷ್ಟು ದಿನ ಒಟ್ಟಿಗೆ ಬಂದು ಇರಬಲ್ಲಿರಿ, ಈ ಏರ್ಪಾಡನ್ನು ಮೂರು ತಿಂಗಳ ಮೇಲೆ ಪರಿಶೀಲಿಸೋಣ ಎಂಬ ಮಾತು. ತಿಂಗಳಿಗೆ ಒಂದು ವಾರ ಪೂರ್ತಿ ಬರುತ್ತೇನೆ ಎನ್ನುವುದು ವಾರಕ್ಕೆ ಎರಡು ದಿನಕ್ಕಿಂತ ಊರಿನವರಿಗೆ ಸಲೀಸು, ರಾತ್ರಿ ಬಸ್ಸಿನ ಖರ್ಚೂ ಕಡಿಮೆ, ಬಹಳಷ್ಟು ಮ್ಯಾನೇಜರುಗಳೂ ಒಪ್ಪುತ್ತಾರೆ. ಮಗುವಿನ ಶಾಲೆ ಊರಿನಲ್ಲಿದ್ದರೆ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಗಡುವು ಕೇಳಿ. ಉತ್ತರ ಬರುವವರೆಗೆ ಊರಿನ ಮನೆಗೆ ಹೊಸ ಕೋಣೆ ಕಟ್ಟಿಸುವ ಕೆಲಸ ತಡೆದಿಡಿ.